ಸವಳು ನೆಲವೂ ಸುಡುವ ಹುಲ್ಲೂ

ಸವಳು ಭೂಮಿಯ ಮಾತು ರೈತರದು. ಗಿರಣಿಯ ಕೂಲಿಕಾರನಿಗೂ ಪೇಟೆಯ ಚಿಲ್ಲರೆ ಅಂಗಡಿಕಾರನಿಗೂ ಅದರಿಂದ ಆಗಬೇಕಾದುದೇನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಿಯಾರು. ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಅಕ್ಕಿ ಗಿರಣಿಯ ಅಂಗಳದಲ್ಲಿ ಚೀಲ ಹೊರುವ ಹಮಾಲರನ್ನು ನಿಲ್ಲಿಸಿ, ಊರು ಯಾವುದು, ಹೊಲ ಎಷ್ಟು ಎಂದು ಕೇಳಿ ನೋಡಿ. ಎರಡೆಕರೆ ಇದೆ, ಮೂರೆಕರೆ ಇದೆ, ಆದರೆ ಸವಳು ಹತ್ತಿದೆ ಎನ್ನುವವರು ಅವರಲ್ಲಿ ಸಿಕ್ಕೇ ಸಿಗುತ್ತಾರೆ. ಹೊಲವಿದ್ದೂ ಕೂಲಿಗೆ ಬಂದವರು ಅವರು. ಅಂಗಡಿಕಾರನು ತನ್ನ ಉದ್ದರಿ ವಹಿಯನ್ನು ತಿರುವಿ ಹಾಕಿದರೆ, ಸುಗ್ಗಿ ಕಳೆದರೂ ತೀರದ ಬಾಕಿಗಳ ಎದುರಿಗೆ ಅದೇ ಊರುಗಳ ಹೆಸರುಗಳನ್ನು ಕಂಡಾನು. ನೆಲ ಕೆಟ್ಟರೆ ಅದರ ಲೆಕ್ಕ ಪೇಟೆಯಲ್ಲಿಯೂ ಬರೆಯಲ್ಪಡುತ್ತದೆ.

ತುಂಗಭದ್ರೆಯ ಅಣೆಕಟ್ಟಿನ ಕಾಲುವೆಗೆ 1953ರಲ್ಲಿ ನೀರು ಬಂತು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಿದ್ದ ಸೀಮೆಗೆ ಅದು ಬಂದುದು ಸಣ್ಣ ಸಂಗತಿಯಲ್ಲ. ಆ ನೀರನ್ನು ಹಳಿಯುವವರು ನಾವಲ್ಲ. ಆದರೆ ಯೋಜನೆ ಮಾಡಿದವರು ಈ ಎರೆ ನೆಲದ ಬಹುಭಾಗಕ್ಕೆ ಉದ್ದೇಶಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಾವರಿಯ ಬೆಳೆಗಳನ್ನು. ಭತ್ತಕ್ಕೆ ಗೊತ್ತುಮಾಡಿದ ಜಾಗ ಸ್ವಲ್ಪವೇ ಇತ್ತು. ಆದದ್ದು ಏನು? ಕಾಲುವೆಯ ತಲೆಭಾಗದಲ್ಲಿ ನೀರು ಸಿಕ್ಕವರು ಭತ್ತವನ್ನೇ ಹಾಕಿದರು. ಒಂದು ಬೆಳೆಯಲ್ಲ, ಎರಡು ಬೆಳೆ. ಸರಕಾರ ನೋಡಿಯೂ ನೋಡದಂತೆ ಇದ್ದಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದವರು ನೀರಿಗಾಗಿ ಇಂದಿಗೂ ಕೂಗುತ್ತಲೇ ಇದ್ದಾರೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರನ್ನು ಇದಕ್ಕೆ ದೂರುವುದು ಇಲ್ಲಿಯ ಒಂದು ರೂಢಿ. ನಾವು ಅದನ್ನು ಒಪ್ಪುವುದಿಲ್ಲ. ಅವರು ತಮಗೆ ಗೊತ್ತಿದ್ದ ಬೇಸಾಯವನ್ನು ಮಾಡಿದರು. ಸ್ಥಳೀಯ ದೊಡ್ಡ ಹಿಡುವಳಿದಾರರೂ ಅದನ್ನೇ ಹಿಂಬಾಲಿಸಿದರು. ಬೆಳೆಯ ನಿಯಮವನ್ನು ಕಾಗದದ ಮೇಲೆ ಬರೆದು ಅದನ್ನು ನಡೆಸದೆ ಹೋದವರೇ ಮೊದಲ ಹೊಣೆಗಾರರು.

ಎರೆ ಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡುವುದಿಲ್ಲ. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರೂ ಕಾಲುವೆಯಿಂದ ಜಿನುಗಿದ ನೀರೂ ಸೇರಿ ಅಂತರ್ಜಲವನ್ನು ಮೇಲಕ್ಕೆ ಎತ್ತುತ್ತವೆ. ನೆಲದ ಆಳದಲ್ಲಿ ಎಂದಿನಿಂದಲೋ ಮಲಗಿದ್ದ ಲವಣಗಳು ಆ ನೀರಿನಲ್ಲಿ ಕರಗಿ ಅದರೊಡನೆ ಏರುತ್ತವೆ. ಬೇಸಗೆಯ ಬಿಸಿಲು ನೀರನ್ನು ಹೀರುತ್ತದೆ, ಉಪ್ಪು ಮಾತ್ರ ಮಣ್ಣಿನ ಮೇಲೆ ಬೆಳ್ಳಗೆ ಉಳಿಯುತ್ತದೆ. ಮೇಲಿನವನ ಗದ್ದೆಯಲ್ಲಿ ನಿಂತ ನೀರು ಬಸಿದು ಬಂದು ಕೆಳಗಿನವನ ಹೊಲದಲ್ಲಿ ಉಪ್ಪಾಗಿ ಏಳುತ್ತದೆ. ಬೆಳೆ ಮಾಡಿದವನು ಒಬ್ಬ, ದಂಡ ತೆತ್ತವನು ಇನ್ನೊಬ್ಬ. ಹೀಗೆ ಸವಳು-ಜವಳು ಹಿಡಿದ ಭೂಮಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಒಂದು ಲಕ್ಷ ಹೆಕ್ಟೇರಿಗೆ ಸಮೀಪವಿದೆಯೆಂದು ಅಂದಾಜು. ದೇಶದಲ್ಲಿ ಲವಣ, ಕ್ಷಾರಗಳಿಂದ ಕೆಟ್ಟ ಭೂಮಿ ಸುಮಾರು 67 ಲಕ್ಷ ಹೆಕ್ಟೇರೆಂಬುದು ಕರ್ನಾಲಿನ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಲೆಕ್ಕ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಸರಪಳಿ ಕಳಚಿ ಕೊಚ್ಚಿಹೋದಾಗ ನಾಡೆಲ್ಲ ಎಚ್ಚರವಾಯಿತು. ಮಂತ್ರಿಗಳು ಧಾವಿಸಿದರು, ಪತ್ರಿಕೆಗಳು ದಿನವೂ ಬರೆದವು. ಅದು ಸರಿಯೇ. ಆದರೆ ಸವಳು ಏರುವಾಗ ಸದ್ದಾಗುವುದಿಲ್ಲ. ಒಂದು ವರ್ಷ ಹೊಲದ ಮೂಲೆಯಲ್ಲಿ ಹಾಸಿಗೆಯಷ್ಟಗಲ ಬೆಳೆ ಸುಡುತ್ತದೆ. ಮರುವರ್ಷ ಆ ಮಚ್ಚೆ ಅಂಗಳದಷ್ಟಾಗುತ್ತದೆ. ಅದನ್ನು ನೋಡಲು ಯಾವ ಮಂತ್ರಿಯೂ ಬರುವುದಿಲ್ಲ.

ಈಗ ಗಿರಣಿಯ ನಮ್ಮ ಬಂಧುಗಳಿಗೆ ಒಂದು ಕಹಿ ಮಾತನ್ನು ಹೇಳಲೇಬೇಕಾಗಿದೆ. ನಮ್ಮ ಕೂಲಿ ಬರುವುದು ಭತ್ತದಿಂದ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳ ಗಿರಣಿಗಳು ತಿರುಗುವುದು ಭತ್ತದಿಂದ. ಅದೇ ಭತ್ತದ ನೀರು ನೆಲವನ್ನು ಕೆಡಿಸುತ್ತಿದೆ. ಇನ್ನೂ ವಿಚಿತ್ರವೆಂದರೆ, ನೆಲ ಕೆಟ್ಟಮೇಲೆ ರೈತನು ಭತ್ತವನ್ನೇ ಮತ್ತಷ್ಟು ಬಿಗಿಯಾಗಿ ಹಿಡಿಯುತ್ತಾನೆ. ನೀರು ನಿಂತಿರುವಷ್ಟು ದಿನ ಉಪ್ಪು ಬೇರಿನಿಂದ ಕೆಳಗೆ ಇಳಿದಿರುತ್ತದೆ, ಭತ್ತ ಹೇಗೋ ಏಳುತ್ತದೆ. ಜೋಳವನ್ನೋ ಕಡಲೆಯನ್ನೋ ಹಾಕಿದರೆ ಮೊಳಕೆಯೇ ಸಾಯುತ್ತದೆ. ಹೀಗೆ ರೋಗವೂ ಭತ್ತ, ರೋಗಿಯ ಗಂಜಿಯೂ ಭತ್ತ. ನಾಳೆಯಿಂದ ಭತ್ತ ಬೇಡ ಎಂದು ಪಟ್ಟಣದಲ್ಲಿ ಕುಳಿತು ಉಪದೇಶ ಮಾಡುವವರ ಪಂಕ್ತಿಗೆ ನಾವು ಸೇರುವುದಿಲ್ಲ. ಹಾಗೆಂದು ಸುಮ್ಮನಿದ್ದರೆ ಎಕರೆ ಎಕರೆಯಾಗಿ ಭತ್ತವೂ ಹೋಗುತ್ತದೆ, ಗಿರಣಿಯೂ ಅದರ ಹಿಂದೆಯೇ ಹೋಗುತ್ತದೆ.

ಹಾಗಾದರೆ ಉಪಾಯವೇನು? ಮೊದಲು ರೋಗ ಯಾವುದೆಂದು ತಿಳಿಯಬೇಕು. ಸವಳಿನಲ್ಲಿ ಎರಡು ಬಗೆ. ಒಂದರಲ್ಲಿ ಕರಗುವ ಉಪ್ಪು ಹೆಚ್ಚು; ನೆಲ ಬೆಳ್ಳಗೆ ಹೊಪ್ಪಳಿಸುತ್ತದೆ, ಮಣ್ಣು ಮಾತ್ರ ಇನ್ನೂ ಪುಡಿಪುಡಿಯಾಗಿರುತ್ತದೆ. ಒಳ್ಳೆಯ ನೀರು ಹಾಯಿಸಿ, ಅದನ್ನು ಬಸಿದು ಹೊರಗೆ ಬಿಟ್ಟರೆ ಇದು ತೊಳೆದುಹೋಗುತ್ತದೆ. ಇನ್ನೊಂದು ಕ್ಷಾರದ ನೆಲ, ಹಳಬರು ಕರಲು ಎನ್ನುವುದು. ಇಲ್ಲಿ ಸೋಡಿಯಂ ಎಂಬ ಅಂಶ ಮಣ್ಣಿನ ಜೇಡಿಕಣಗಳಿಗೇ ಅಂಟಿಕೊಂಡಿರುತ್ತದೆ. ಒದ್ದೆಯಾದರೆ ಸಾಬೂನಿನಂತೆ ಜಾರು, ಒಣಗಿದರೆ ಕಲ್ಲು. ನೀರು ಮೇಲೆಯೇ ನಿಲ್ಲುತ್ತದೆ, ಒಳಗಿನ ಬೇರು ಬಾಯಾರಿ ಸಾಯುತ್ತದೆ. ಪ್ರಯೋಗಾಲಯದ ಲೆಕ್ಕದಲ್ಲಿ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ಮೀರಿದರೆ ಲವಣದ ನೆಲ, ರಸಸಾರ 8.5 ದಾಟಿ, ಮಣ್ಣು ಹಿಡಿದುಕೊಂಡ ಅಂಶಗಳಲ್ಲಿ ಸೋಡಿಯಂ ಶೇಕಡ 15ಕ್ಕಿಂತ ಹೆಚ್ಚಾದರೆ ಕ್ಷಾರದ ನೆಲ. ಎರಡೂ ಕೂಡಿದ ನೆಲವೂ ಉಂಟು. ಕಣ್ಣಂದಾಜಿನಿಂದ ಔಷಧ ಹಾಕುವಂತಿಲ್ಲ. ಮಣ್ಣಿನ ಪರೀಕ್ಷೆ ಆಗಲೇಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಬಗ್ಗೆಯೇ ಕೆಲಸ ಮಾಡಿದ ತಜ್ಞರಿದ್ದಾರೆ. ಅವರ ಜ್ಞಾನ ವರದಿಗಳಿಂದ ಇಳಿದು ಹೊಲದ ಬದುವಿಗೆ ಬರಬೇಕಾಗಿದೆ.

ಕ್ಷಾರದ ನೆಲಕ್ಕೆ ಜಿಪ್ಸಂ ಮದ್ದೆಂಬುದು ಎಲ್ಲರೂ ಬಲ್ಲ ಮಾತು. ಜಿಪ್ಸಂನಲ್ಲಿರುವ ಸುಣ್ಣದ ಅಂಶ ಸೋಡಿಯಂ ಅನ್ನು ಕಣದಿಂದ ನೂಕಿ ತಾನು ಕೂರುತ್ತದೆ. ನೂಕಲ್ಪಟ್ಟದ್ದನ್ನು ನೀರು ತೊಳೆದು ಒಯ್ಯಬೇಕು. ನಮ್ಮ ಎರೆ ನೆಲದಲ್ಲಿ ಒಂದು ವಿಶೇಷವಿದೆ. ಉಳುವಾಗ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ಯಾರು ಕಂಡಿಲ್ಲ? ಮದ್ದು ಹೊಲದಲ್ಲಿಯೇ ಬಿದ್ದಿದೆ, ಆದರೆ ಕರಗದು. ಅದನ್ನು ಕರಗಿಸುವ ಕೆಲಸವನ್ನು ಕೊಳೆತ ಗೊಬ್ಬರ ಮಾಡಬಲ್ಲದು. ಕಾಂಪೋಸ್ಟನ್ನು ಮಣ್ಣಿಗೆ ಸೇರಿಸಿದಾಗ ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲಾಮ್ಲವನ್ನು ಉಸಿರುತ್ತವೆ. ಅದು ನೀರಿನಲ್ಲಿ ಬೆರೆತು ಹುಳಿಯಾಗಿ ಸುಣ್ಣದ ಹರಳನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಕರಗಿದ ಸುಣ್ಣ ಸೋಡಿಯಂ ಇದ್ದ ಜಾಗವನ್ನು ಹಿಡಿಯುತ್ತದೆ. ಇದಲ್ಲದೆ ಗೊಬ್ಬರವು ಮಣ್ಣಿನ ಕಣಗಳನ್ನು ಹೆಂಟೆಯಾಗಿ ಕೂಡಿಸಿ ನಡುವೆ ಸಂದುಗಳನ್ನು ಬಿಡಿಸುತ್ತದೆ. ಸಂದು ಇದ್ದರೆ ನೀರು ಇಳಿದೀತು; ನೀರು ಇಳಿದರೆ ಉಪ್ಪು ಇಳಿದೀತು. ಕ್ಷಾರದಲ್ಲಿ ಪೈರಿಗೆ ದಕ್ಕದ ಸತುವೇ ಮುಂತಾದವನ್ನೂ ಅದು ಅಷ್ಟಿಷ್ಟು ಒದಗಿಸುತ್ತದೆ. ತಿಪ್ಪೆ ಹಾಕಿದ ಹೊಲ ಮೆತ್ತಗಾಗುತ್ತದೆ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದರ ಒಳಮರ್ಮ ಇದು.

ಇಂಥ ಗೊಬ್ಬರಕ್ಕೆ ಬೇಕಾದ ಸರಕನ್ನು ನಾವು ಏನು ಮಾಡುತ್ತಿದ್ದೇವೆ? ಬೆಂಕಿಗೆ ಹಾಕುತ್ತಿದ್ದೇವೆ. ಕೊಯ್ಲಿನ ಯಂತ್ರ ಬಂದಮೇಲೆ ಹುಲ್ಲು ಹೊಲದ ತುಂಬ ಚೆಲ್ಲಿಬೀಳುತ್ತದೆ, ಕೂಳೆ ಎತ್ತರವಾಗಿ ಉಳಿಯುತ್ತದೆ. ಎತ್ತುಗಳು ಹೋದವು, ಮೇಯುವ ಬಾಯಿಯೂ ಕಡಿಮೆ, ಸಗಣಿಯೂ ಕಡಿಮೆ. ಎರಡನೇ ಬೆಳೆಗೆ ಕಾಲುವೆಯ ನೀರು ಬರುವುದರೊಳಗೆ ಹೊಲ ಖಾಲಿಯಾಗಬೇಕು. ಒಂದು ಕಡ್ಡಿ ಗೀರಿದರೆ ಸಂಜೆಯೊಳಗೆ ಕೆಲಸ ಮುಗಿಯಿತು. ಆ ರೈತನನ್ನು ಬೈದು ಫಲವಿಲ್ಲ. ಹುಲ್ಲನ್ನು ಕೂಡಿಸಿ ಸಾಗಿಸುವ ಕೂಲಿಯನ್ನು ಅವನ ಕೈಗೆ ಯಾರೂ ಕೊಟ್ಟಿಲ್ಲ.

ಸುಟ್ಟದ್ದರ ಲೆಕ್ಕವನ್ನು ವ್ಯಾಪಾರಿಗಳ ರೀತಿಯಲ್ಲಿಯೇ ಹಾಕೋಣ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಐದಾರು ಕಿಲೋ ಸಾರಜನಕವಿರುತ್ತದೆ, ಬೆಂಕಿಯಲ್ಲಿ ಅದು ಬಹುಪಾಲು ಹೊಗೆಯಾಗಿ ಹೋಗುತ್ತದೆ. ಎಕರೆಗೆ ಮೂರು ಟನ್ ಹುಲ್ಲೆಂದು ಹಿಡಿದರೆ ಹದಿನಾರು ಹದಿನೇಳು ಕಿಲೋ. 45 ಕಿಲೋ ತೂಕದ ಯೂರಿಯಾ ಚೀಲದಲ್ಲಿರುವುದು ಸುಮಾರು 20 ಕಿಲೋ ಸಾರಜನಕ. ಅಂದರೆ ಎಕರೆ ಎಕರೆಗೂ ಮುಕ್ಕಾಲು ಚೀಲ ಯೂರಿಯಾಕ್ಕೆ ಬೆಂಕಿ ಇಟ್ಟು, ಆಮೇಲೆ ಗೊಬ್ಬರದ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಂತಾಯಿತು. ಸವಳು ನೆಲಕ್ಕೆ ಸಂಬಂಧಿಸಿದಂತೆ ಇದೂ ಸಣ್ಣ ನಷ್ಟವೇ. ಅಲ್ಲಿ ಬೇಕಾದುದು ಸಾರಜನಕಕ್ಕಿಂತ ಹೆಚ್ಚಾಗಿ ಹುಲ್ಲಿನ ಮೈ. ಅದು ಸುಟ್ಟಮೇಲೆ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಗೊಬ್ಬರ ಮಾಡುವ ವಿದ್ಯೆ ಹೊಸದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಎಂಬವರು ಹತ್ತಿಕಟ್ಟಿಗೆ, ಕಸ, ಸಗಣಿಗಳಿಂದ ಕಾಂಪೋಸ್ಟ್ ಮಾಡುವ ಕ್ರಮವನ್ನು ರೂಪಿಸಿ 1931ರಲ್ಲಿ ಪುಸ್ತಕವನ್ನೇ ಬರೆದರು. ಕೆಲವು ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬವರು ಇನ್ನೊಂದು ಕ್ರಮವನ್ನು ತೋರಿಸಿದರು. ಅದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಇಂದೂರು ಕ್ರಮದಲ್ಲಿ ರಾಶಿಯನ್ನು ಎರಡು ಮೂರು ಸಲ ತಿರುವಿ ಹಾಕಬೇಕು, ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಬೆಂಗಳೂರು ಕ್ರಮದಲ್ಲಿ ಗುಂಡಿ ತುಂಬಿ ಮೇಲೆ ಕೆಸರು ಮೆತ್ತಿಬಿಟ್ಟರೆ ಮುಗಿಯಿತು. ಕೂಲಿ ಕಡಿಮೆ, ಕಾಲ ಮಾತ್ರ ಆರು ತಿಂಗಳಿಗೂ ಮೀರೀತು. ಹುಲ್ಲನ್ನು ತುಂಡರಿಸಿ ಗೇಣುದ್ದ ಹರಡಿ, ಮೇಲೆ ಸಗಣಿಯ ಬಗ್ಗಡ ಎರಚಿ, ಒಂದು ತೆಳು ಮಣ್ಣು, ಮತ್ತೆ ಹುಲ್ಲು. ಹಿಂಡಿದರೆ ಕೈ ತೇವವಾಗಬೇಕು, ನೀರು ಸುರಿಯಬಾರದು. ಒಳಗೆ ಕೈಯಿಡಲಾರದಷ್ಟು ಕಾವು ಬಂದರೆ ಕೆಲಸ ನಡೆದಿದೆ ಎಂದು ಅರ್ಥ. ಹಸಿ ಹುಲ್ಲನ್ನೇ ಉತ್ತುಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಹುಲ್ಲಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಜೀವಿಗಳು ಪೈರಿನ ಪಾಲಿನ ಸಾರಜನಕವನ್ನೇ ಮೊದಲು ಕಿತ್ತುಕೊಳ್ಳುತ್ತವೆ, ಪೈರು ಹಳದಿಗೆ ತಿರುಗುತ್ತದೆ. ಆದುದರಿಂದ ಕೊಳೆಸಿಯೇ ಹಾಕುವುದು ಲೇಸು.

ಗಿರಣಿಯ ಕೂಲಿಕಾರರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು ಬರುವುದು ಅವರಿಗೆ ಗೊತ್ತು. ಅದು ಬಾಯ್ಲರಿಗೆ ಹೋಗಿ ಬೂದಿಯಾಗುವುದೂ ಗೊತ್ತು. ಆ ಬೂದಿಯನ್ನು ಗೊಬ್ಬರವೆಂದು ಸವಳು ಹೊಲಕ್ಕೆ ಸುರಿಯುವವರಿದ್ದಾರೆ. ಅದು ತಪ್ಪು. ಬೂದಿಯೇ ಕ್ಷಾರ; ಕ್ಷಾರದ ನೆಲಕ್ಕೆ ಕ್ಷಾರ ಹಾಕಿದರೆ ರೋಗ ಇಮ್ಮಡಿಸೀತು. ಸುಡದ ಹೊಟ್ಟು ಬೇಗ ಕೊಳೆಯದು, ಆದರೆ ಹುಲ್ಲು ಸಗಣಿಗಳೊಡನೆ ಸ್ವಲ್ಪ ಬೆರೆಸಿದರೆ ರಾಶಿಯಲ್ಲಿ ಗಾಳಿಯಾಡಲು ಒಳ್ಳೆಯದು. ಕೆಲವು ಕೋಳಿಗೊಬ್ಬರದಲ್ಲಿಯೂ ಪಟ್ಟಣದ ಕಸದ ಗೊಬ್ಬರದಲ್ಲಿಯೂ ಉಪ್ಪಿರುತ್ತದೆ. ಪರೀಕ್ಷೆಯಿಲ್ಲದೆ ಅವನ್ನೂ ತರಬಾರದು.

ಇನ್ನು, ಕಾಂಪೋಸ್ಟ್ ಎಂದರೆ ಮಂತ್ರದ ಪುಡಿಯೆಂದು ಮಾರುವವರ ಮಾತಿಗೆ ಮರುಳಾಗಬೇಡಿ. ನೆಲದಡಿಯ ನೀರು ಮೊಳಕಾಲುದ್ದದಲ್ಲಿ ನಿಂತಿರುವಾಗ ಮೇಲೆ ಎಷ್ಟು ಗಾಡಿ ಗೊಬ್ಬರ ಹಾಕಿದರೂ ಉಪ್ಪು ಹೋಗುವುದೆಲ್ಲಿಗೆ? ಮೊದಲು ಬಸಿಗಾಲುವೆ. ಬಸಿಗಾಲುವೆ ಹಳ್ಳಕ್ಕೆ ಸೇರಬೇಕು, ಹಳ್ಳದಲ್ಲಿ ಜಾಲಿ, ಆಪು, ಹೂಳು ತುಂಬಿರಬಾರದು. ನಮ್ಮ ಹಳ್ಳಗಳ ಸ್ಥಿತಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೂ ಹೇಳಬೇಕಾಗಿಲ್ಲ. ಒಬ್ಬನ ಹೊಲದ ಬಸಿಗಾಲುವೆ ಮುಂದಿನವನ ಹೊಲವನ್ನು ದಾಟಲೇಬೇಕು. ಮುಂದಿನವನು ಒಪ್ಪದಿದ್ದರೆ ಅಲ್ಲಿಗೇ ನಿಂತಿತು. ಒಬ್ಬಂಟಿ ರೈತ ತನ್ನ ಬದುವಿನೊಳಗೆ ಗೆಲ್ಲುವ ಯುದ್ಧವಲ್ಲ ಇದು. ಉತ್ತರ ಪ್ರದೇಶದಲ್ಲಿ 1993ರಿಂದ ವಿಶ್ವಬ್ಯಾಂಕಿನ ಸಾಲ ತಂದು ಊಸರ ಭೂಮಿಯನ್ನು ಸುಧಾರಿಸುವ ಯೋಜನೆ ನಡೆಯಿತು. ಅಲ್ಲಿಯೂ ಜಿಪ್ಸಂ ಚೀಲ ಹಂಚಿ ಕೈತೊಳೆದುಕೊಳ್ಳಲಿಲ್ಲ. ರೈತರನ್ನು ಗುಂಪುಗೂಡಿಸಿ, ಬಸಿಗಾಲುವೆಗಳನ್ನು ತೆರೆದು, ನೀರಿನ ಆಸರೆ ಮಾಡಿ, ಆಮೇಲೆ ಮದ್ದು ಹಾಕಿದರು. ವಿಶ್ವಬ್ಯಾಂಕಿನ ಸಾಲದ ಬಗ್ಗೆ ನಮ್ಮ ಅಭಿಪ್ರಾಯ ವಾಚಕರಿಗೆ ಗೊತ್ತೇ ಇದೆ. ಆದರೆ ಕೆಲಸದ ಕ್ರಮ ಸರಿಯಾದುದೆಂದು ಒಪ್ಪಬೇಕು.

ಹಣದ ಮಾತಿಗೆ ಬರೋಣ. ಎಕರೆಗೆ ನಾಲ್ಕು ಟನ್ ಗೊಬ್ಬರವಾದರೂ ಬೇಕು, ಅದೂ ಒಂದು ವರ್ಷಕ್ಕಲ್ಲ, ಮೂರು ನಾಲ್ಕು ವರ್ಷ ಬಿಡದೆ. ಹುಲ್ಲು ಕೊಳೆತಾಗ ಒಣತೂಕದಲ್ಲಿ ಅರ್ಧದಷ್ಟು ಇಳಿಯುತ್ತದೆ. ನಮ್ಮ ಅಂದಾಜಿನಲ್ಲಿ ಒಂದೆಕರೆ ಸವಳಿಗೆ ಎರಡೆಕರೆ ಒಳ್ಳೆಯ ಗದ್ದೆಯ ಹುಲ್ಲು ಬೇಕು. ಕೆಟ್ಟ ನೆಲದಲ್ಲಿ ಹುಲ್ಲೆಲ್ಲಿ ಬೆಳೆದೀತು? ಆದ್ದರಿಂದ ಮೇಲಿನ ಗದ್ದೆಯ ಹುಲ್ಲು ಕೆಳಗಿನ ಹೊಲಕ್ಕೆ ಬರಬೇಕು. ಮೇಲಿನಿಂದ ನೀರೂ ಉಪ್ಪೂ ತಾವಾಗಿಯೇ ಬರುತ್ತವೆ; ಹುಲ್ಲು ತಾನಾಗಿ ಬರುವುದಿಲ್ಲ, ಅದಕ್ಕೆ ಟ್ರ್ಯಾಕ್ಟರ್ ಬಾಡಿಗೆ ಬೇಕು, ಕೂಲಿ ಬೇಕು. ಎರಡೆಕರೆಯ ರೈತ ಮೂರು ವರ್ಷ ಫಲವಿಲ್ಲದೆ ಈ ಖರ್ಚನ್ನು ಹೊರಲಾರ. ಸಾಲ ಮಾಡಿದರೆ ಮೊದಲ ವರ್ಷವೇ ಹೊಲ ಲಾವಣಿಗೆ ಹೋಗುತ್ತದೆ, ಅವನು ಗಿರಣಿಗೆ ಬರುತ್ತಾನೆ. ಗಿರಣಿಯ ಬಾಗಿಲಲ್ಲಿ ಕೈಗಳು ಹೆಚ್ಚಿದಂತೆ ಒಳಗಿರುವವರ ಕೂಲಿಯ ಗತಿ ಏನಾಗುತ್ತದೆಂಬುದನ್ನು ಒಳಗಿರುವವರೇ ಬಲ್ಲರು.

ಸರಕಾರಕ್ಕೆ ಹಣವಿಲ್ಲವೆಂದು ಹೇಳುವಂತಿಲ್ಲ. 2023ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ಗೋಬರ್ಧನ್ ಯೋಜನೆಯ ಅನಿಲ ಸ್ಥಾವರಗಳಿಂದ ಬರುವ ಸಾವಯವ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ಸಹಾಯಧನವನ್ನು ಮಂಜೂರು ಮಾಡಿತು. ಸ್ಥಾವರ ಕಟ್ಟಿದವರಿಗೆ ಟನ್ನಿಗೆ 1500. ತನ್ನ ಹೊಲದ ಮೂಲೆಯಲ್ಲಿ ಬೆವರು ಸುರಿಸಿ ತಿಪ್ಪೆ ತಿರುವುವ ರೈತನಿಗೆ ಆ ಲೆಕ್ಕದಲ್ಲಿ ಪಾಲಿಲ್ಲ. ಗೊಬ್ಬರ ಗೊಬ್ಬರವೇ ಅಲ್ಲವೆ? ಹಳ್ಳಿಯ ಸಹಕಾರಿ ಸಂಘವೋ ಪಂಚಾಯತಿಯೋ ಅಳೆದು ಸರ್ಟಿಫಿಕೇಟು ಕೊಟ್ಟ ಕಾಂಪೋಸ್ಟಿಗೂ ಅದೇ ದರ ಸಲ್ಲಬೇಕೆಂಬುದು ನಮ್ಮ ಒತ್ತಾಯ. 2005ರ ಉದ್ಯೋಗ ಖಾತರಿ ಕಾನೂನಿನಡಿಯಲ್ಲಿ ಹಳ್ಳಿಗಳಲ್ಲಿ ಗೊಬ್ಬರದ ಗುಂಡಿಗಳನ್ನು ಕಟ್ಟಿದ್ದುಂಟು. ಎಷ್ಟೋ ಕಡೆ ಬಿಲ್ಲು ತುಂಬಿತು, ಗುಂಡಿ ತುಂಬಲಿಲ್ಲ. ಗುಂಡಿಗೆ ಇಟ್ಟಿಗೆ ಕಟ್ಟಲು ಹಣವಿದ್ದು ಹುಲ್ಲು ಹೊರಲು ಕೂಲಿಯಿಲ್ಲದಿದ್ದರೆ ಇನ್ನೇನಾದೀತು? ಯೋಜನೆಗೆ ಇವತ್ತು ಯಾವ ಹೆಸರಿಟ್ಟರೂ ಇಡಲಿ, ಕೊಯ್ಲಾದ ಎರಡು ವಾರ ಹುಲ್ಲು ಕೂಡಿಸುವ, ಸಾಗಿಸುವ, ರಾಶಿ ತಿರುವುವ ಕೆಲಸಕ್ಕೂ ಹಳ್ಳ ಸವರುವ ಕೆಲಸಕ್ಕೂ ಕೂಲಿ ಸಿಗಬೇಕು. ಎರಡು ಬೆಳೆಯ ನಡುವೆ ಗಿರಣಿಗಳು ಮಂದವಾಗಿ ಓಡುವ ದಿನಗಳಲ್ಲಿ ನಮ್ಮ ಹಮಾಲರ ಮನೆಯವರಿಗೂ ಅದು ದುಡಿಮೆಯಾದೀತು.

ಭತ್ತದಿಂದ ಲಾಭ ಪಡೆದ ಗಿರಣಿ ಮಾಲೀಕರೂ ಇದರಲ್ಲಿ ಪಾಲು ಹೊರಬೇಕೆಂದರೆ ಕೆಲವರಿಗೆ ಸಿಟ್ಟು ಬಂದೀತು. ಬರಲಿ. ಪ್ರತಿ ಚೀಲದ ಮೇಲೆ ಮಾರುಕಟ್ಟೆ ಸಮಿತಿ ವಸೂಲು ಮಾಡುವ ಶುಲ್ಕದಲ್ಲಿ ಒಂದಂಶವನ್ನು ಸವಳು ನಿವಾರಣೆಗೆ ಮೀಸಲಿಡಬಾರದೇಕೆ? ಸಣ್ಣ ವ್ಯಾಪಾರಿಗಳ ಮೇಲೆ ಹೊಸ ತೆರಿಗೆ ಬೇಡ. ಇದ್ದ ಶುಲ್ಕವನ್ನೇ ಅದು ಹುಟ್ಟಿದ ನೆಲಕ್ಕೆ ತಿರುಗಿಸಿದರೆ ಸಾಕು.

ಇದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಊರಲ್ಲಿ ಸವಳು ಹೊಲವಿರುವ ಗಿರಣಿ ಬಂಧುಗಳು ಈ ಬೇಸಗೆಯಲ್ಲಿ ಹೊಲದ ನಾಲ್ಕೈದು ಕಡೆಯಿಂದ, ಮೇಲಿನ ಅರ್ಧ ಅಡಿಯ ಮಣ್ಣು ಒಂದು ಚೀಲ, ಅದರ ಕೆಳಗಿನದು ಇನ್ನೊಂದು ಚೀಲ ತುಂಬಿ, ಹೆಸರು ಬರೆದು ಪರೀಕ್ಷೆಗೆ ಕೊಡಲಿ. ಒಂದೇ ಹಳ್ಳಕ್ಕೆ ಬಸಿಯುವ ಹೊಲಗಳ ಒಡೆಯರು ಯಾರು ಯಾರೆಂದು ಪಟ್ಟಿ ಮಾಡಲಿ. ಗೊಬ್ಬರದ ವ್ಯಾಪಾರಿಗಳು ಜಿಪ್ಸಂ ಮಾರುವಾಗ ಪರೀಕ್ಷೆಯ ಚೀಟಿ ಇದೆಯೇ ಎಂದು ಒಂದು ಮಾತು ಕೇಳಲಿ. ಆ ಪಟ್ಟಿಗಳನ್ನೂ ಚೀಟಿಗಳ ಪ್ರತಿಗಳನ್ನೂ ನಮ್ಮ ಕಚೇರಿಗೆ ತಲುಪಿಸಿದರೆ, ಮುಂಗಾರಿಗೆ ಕಾಲುವೆಯ ನೀರು ಬಿಡುವ ಮೊದಲು ಅವನ್ನು ಅಚ್ಚುಕಟ್ಟು ಪ್ರಾಧಿಕಾರದ ಅಧಿಕಾರಿಗಳ ಮೇಜಿನ ಮೇಲೆ ಇಡುವ ಕೆಲಸವನ್ನು ನಾವು ಮಾಡುತ್ತೇವೆ.